ಹದಿನಾಲ್ಕು ಗುಳಿ, ಐವತ್ತಾರು ಕಾಯಿ

ಶಾಲೆ ಸುರುವಾಗಿ ಮೂರು ವಾರ ಕಳೆದಿತ್ತಷ್ಟೆ. ಪುಟ್ಟಿಯ ಡೈರಿಯಲ್ಲಿ ಕೆಂಪು ಶಾಯಿಯ ಎರಡು ಸಾಲು ಬಂದಿತ್ತು: ‘ಸಂಖ್ಯೆಗಳನ್ನು ಗುರುತಿಸುವುದರಲ್ಲಿ ಹಿಂದಿದ್ದಾಳೆ. ಮನೆಯಲ್ಲಿ ಅಭ್ಯಾಸ ಮಾಡಿಸಿ.’

ಆ ಮನೆಯಲ್ಲಿ ಇಂಥ ಸಾಲು ಬರಬಾರದಿತ್ತು. ಪುಟ್ಟಿಯ ಅಮ್ಮ ಪುತ್ತೂರಿನ ಬ್ಯಾಂಕೊಂದರಲ್ಲಿ ನಗದು ಕೌಂಟರಿನಲ್ಲಿ ಕೂರುವವಳು. ದಿನಾ ಲಕ್ಷಗಟ್ಟಲೆ ರೂಪಾಯಿ ಎಣಿಸಿ, ಸಂಜೆ ಒಂದು ರೂಪಾಯಿಯೂ ಹೆಚ್ಚುಕಮ್ಮಿಯಾಗದಂತೆ ಲೆಕ್ಕ ಕೊಟ್ಟು ಬರುವವಳು. ಅಂಥವಳ ಮಗಳಿಗೆ ಆರು ಯಾವುದು ಒಂಬತ್ತು ಯಾವುದು ತಿಳಿಯುವುದಿಲ್ಲವೆಂದರೆ!

ವಿಚಿತ್ರವೆಂದರೆ ಪುಟ್ಟಿಗೆ ಬಾಯಿಪಾಠ ಚೆನ್ನಾಗಿಯೇ ಬರುತ್ತಿತ್ತು. ಯಾರಾದರೂ ನೆಂಟರು ಬಂದು ‘ಎಲ್ಲಿ, ಲೆಕ್ಕ ಹೇಳು ನೋಡುವ’ ಎಂದರೆ ಒಂದರಿಂದ ನೂರರವರೆಗೆ ಉಸಿರು ಬಿಡದೆ ಹೇಳಿ ಮುಗಿಸುತ್ತಿದ್ದಳು. ನೆಂಟರು ತಲೆ ಸವರಿ ‘ಹುಷಾರಿದ್ದಾಳೆ’ ಎನ್ನುತ್ತಿದ್ದರು. ಆದರೆ ಹಾಳೆಯ ಮೇಲೆ 7 ಎಂದು ಬರೆದು ‘ಇದು ಎಷ್ಟು?’ ಎಂದರೆ ಮಾಡು ನೋಡುತ್ತಿದ್ದಳು. ಐದು ಗೋಡಂಬಿ ಕೊಟ್ಟು ‘ಎಷ್ಟುಂಟು?’ ಎಂದರೆ ಬೆರಳಿನ ವೇಗ ಒಂದು, ಬಾಯಿಯ ವೇಗ ಇನ್ನೊಂದು. ಐದು ಗೋಡಂಬಿ ಏಳಾಗುತ್ತಿತ್ತು. ಹಾಡು ಹೇಳಿದಂತೆ ಹೇಳುತ್ತಿದ್ದ ಆ ನೂರು ಪದಗಳಿಗೂ ಜಗತ್ತಿನಲ್ಲಿರುವ ವಸ್ತುಗಳಿಗೂ ಏನಾದರೂ ಸಂಬಂಧವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಭ್ಯಾಸ ಸುರುವಾಯಿತು. ದಿನಾ ಸಂಜೆ ಅಮ್ಮ ಬ್ಯಾಂಕಿನಿಂದ ಬಂದು ಕಾಫಿ ಕುಡಿದು, ಮಗಳನ್ನು ಮೇಜಿನ ಎದುರು ಕೂರಿಸಿಕೊಳ್ಳುವಳು. ಒಂದು ಪುಟ ಮೂರು, ಒಂದು ಪುಟ ನಾಲ್ಕು. ಬರೆದದ್ದನ್ನು ಓದಿಸುವುದು. ತಪ್ಪಿದರೆ ಮತ್ತೆ ಒಂದು ಪುಟ. ಎರಡನೆಯ ವಾರದಲ್ಲಿ ಒಂದು ಸಂಜೆ, ಆರನ್ನು ಐದನೇ ಸಲವೂ ಒಂಬತ್ತೆಂದಾಗ, ಅಮ್ಮನ ಕೈ ತಾನಾಗಿ ಎದ್ದು ಬೀಸಿತು. ಪುಟ್ಟಿ ಅಳಲಿಲ್ಲ. ಮರುದಿನ ಬೆಳಿಗ್ಗೆ ಹೊಟ್ಟೆನೋವೆಂದಳು. ಅದರ ಮರುದಿನವೂ ಹೊಟ್ಟೆನೋವು. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲವೆಂದು ಸಿಹಿ ಔಷಧಿ ಬರೆದುಕೊಟ್ಟರು. ಏನೂ ಇಲ್ಲವೆಂಬುದು ಅಮ್ಮನಿಗೂ ಗೊತ್ತಿತ್ತು. ಏನೋ ಇದೆ ಎಂಬುದೂ ಗೊತ್ತಿತ್ತು.

ಇದನ್ನೆಲ್ಲ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದವರು ಅಜ್ಜಿ. ಪುಟ್ಟಿಯ ಅಪ್ಪನ ಅಮ್ಮ. ಆ ಮನೆಯಲ್ಲಿ ಅಂಕೆ ಓದಲು ಬಾರದ ಇನ್ನೊಬ್ಬರೆಂದರೆ ಅವರೇ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪೇಟೆಗೆ ಹೋದರೆ ಬಸ್ಸಿನ ಬಣ್ಣ ನೋಡಿ, ಕಂಡಕ್ಟರನ ಮುಖ ನೋಡಿ ಹತ್ತುವವರು. ಮಗ ತೆಗೆಸಿಕೊಟ್ಟ ಮೊಬೈಲು ಅವರ ಹತ್ತಿರ ಇತ್ತು. ಬಂದ ಕರೆಗೆ ಹಸಿರು ಗುಂಡಿ ಒತ್ತುವುದು ಗೊತ್ತಿತ್ತು. ಕಾಸರಗೋಡಿನಲ್ಲಿರುವ ಮಗಳಿಗೆ ತಾನಾಗಿ ಮಾಡಬೇಕೆಂದರೆ ಮಾತ್ರ ಯಾರಾದರೂ ನಂಬರು ಒತ್ತಿಕೊಡಬೇಕು. ಆದರೆ ಲೆಕ್ಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತೆಂಗಿನಕಾಯಿ ಕೊಯ್ದ ದಿನ ಅಂಗಳದಲ್ಲಿ ನಿಂತು, ಎರಡು ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಎಸೆಯುತ್ತ, ನೂರಾದಾಗ ಒಂದು ಕಾಯಿಯನ್ನು ಬೇರೆ ಇಟ್ಟು, ಕೊನೆಗೆ ಆ ಬೇರೆ ಇಟ್ಟದ್ದನ್ನು ಎಣಿಸಿ ಸಾವಿರದ ಲೆಕ್ಕ ಹೇಳುವರು. ಅಕ್ಕಿ ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಎನ್ನುವ ಕ್ರಮವಿಲ್ಲ. ‘ಲಾಭ’ ಎಂದೇ ಸುರು. ಲಾಭ, ಎರಡು, ಮೂರು...

ಜುಲೈ ಮಧ್ಯಕ್ಕೆ ಆಟಿ ತಿಂಗಳು ಬಂತು. ತುಳುನಾಡಿನಲ್ಲಿ ಆಟಿಯೆಂದರೆ ಮಳೆಯ ತಿಂಗಳು, ಕೆಲಸವಿಲ್ಲದ ತಿಂಗಳು. ಹಿಂದಿನ ಕಾಲದಲ್ಲಿ ಗದ್ದೆ ನಾಟಿ ಮುಗಿದು, ಹಳೆಯ ಅಕ್ಕಿಯೂ ಮುಗಿಯುತ್ತ ಬಂದು, ಹೊಸ ಬೆಳೆಗೆ ಇನ್ನೂ ದಿನಗಳಿರುತ್ತಿದ್ದ ಹೊತ್ತು. ಮದುವೆ ಮುಂಜಿಗಳಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಕೂರುವರು. ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕೆತ್ತೆಯ ಕಹಿ ಕಷಾಯ ಕುಡಿಯುವುದು, ಕಳೆಂಜ ಮನೆ ಮನೆಗೆ ಬಂದು ಕುಣಿಯುವುದು ಎಲ್ಲ ಈ ತಿಂಗಳಲ್ಲೇ. ಅಟ್ಟದ ಮೇಲಿಂದ ಚೆನ್ನೆಮಣೆ ಕೆಳಗಿಳಿಯುವುದೂ ಈ ತಿಂಗಳಲ್ಲೇ. ಆಟಿ ಕಳೆದ ಮೇಲೆ ಮಣೆ ಮತ್ತೆ ಅಟ್ಟಕ್ಕೆ. ಬೇರೆ ದಿನಗಳಲ್ಲಿ ಅದನ್ನು ಆಡಬಾರದೆಂದು ಹಿರಿಯರ ಕಟ್ಟಳೆ. ಗದ್ದೆ ಕೆಲಸ ಬಿಟ್ಟು ಮಣೆಯ ಮುಂದೆ ಕೂತರೆ ಊಟಕ್ಕೆ ಎಂತ ಮಾಡುವುದು ಎಂಬ ಭಯವೂ ಆ ಕಟ್ಟಳೆಯ ಹಿಂದೆ ಇದ್ದಿರಬಹುದು.

ಒಂದು ಬೆಳಿಗ್ಗೆ ಮಳೆ ಹೆಚ್ಚೆಂದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದರು. ಪುಟ್ಟಿಯ ಹೊಟ್ಟೆನೋವು ಆ ಕ್ಷಣವೇ ವಾಸಿಯಾಯಿತು. ಅಮ್ಮ ಕೊಡೆ ಹಿಡಿದು ಬ್ಯಾಂಕಿಗೆ ಹೊರಟಳು. ಹೊರಡುವಾಗ, ‘ಅತ್ತೆ, ಹತ್ತರವರೆಗೆ ಎರಡು ಸಲ ಬರೆಸಿ, ಬಿಡಬೇಡಿ’ ಎಂದಳು. ‘ಬರೆಸುವ, ಬರೆಸುವ’ ಎಂದರು ಅಜ್ಜಿ. ಗೇಟಿನ ಸದ್ದಾದ ಮೇಲೆ ಆಳಿನಿಂದ ಅಟ್ಟಕ್ಕೆ ಏಣಿ ಹಾಕಿಸಿದರು.

ಹಲಸಿನ ಮರದ ಆ ಮಣೆ ಅಜ್ಜಿಯ ತವರಿನಿಂದ ಬಂದದ್ದು. ಎರಡು ಸಾಲು, ಒಂದೊಂದು ಸಾಲಿನಲ್ಲಿ ಏಳು ಗುಳಿ, ಒಟ್ಟು ಹದಿನಾಲ್ಕು. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಕಾಯಿಯೆಂದರೆ ಮಂಜೊಟ್ಟಿ ಬೀಜ, ಕೆಂಪಗೆ, ನುಣ್ಣಗೆ. ಒಂದು ಬಟ್ಟೆಯ ಚೀಲದಲ್ಲಿದ್ದವು.

‘ಗುಳಿಗೆ ನಾಲ್ಕು ಹಾಕು’ ಎಂದರು ಅಜ್ಜಿ.

ಪುಟ್ಟಿ ಮೊದಲ ಗುಳಿಗೆ ಐದು ಹಾಕಿದಳು, ಎರಡನೆಯದಕ್ಕೆ ಮೂರು. ಅಜ್ಜಿ ತಪ್ಪೆನ್ನಲಿಲ್ಲ. ತಮ್ಮ ಬದಿಯ ಗುಳಿಯೊಂದಕ್ಕೆ ನಾಲ್ಕು ಹಾಕಿ, ‘ಹೀಗೆ ಕಾಣಬೇಕು’ ಎಂದರು. ಪುಟ್ಟಿ ಎರಡನ್ನೂ ನೋಡಿದಳು. ಒಂದು ಕಾಯಿಯನ್ನು ಆ ಗುಳಿಯಿಂದ ಈ ಗುಳಿಗೆ ದಾಟಿಸಿದಳು. ಏಳು ಗುಳಿ ತುಂಬುವ ಹೊತ್ತಿಗೆ ಅವಳು ಎಣಿಸುವುದನ್ನು ಬಿಟ್ಟಿದ್ದಳು. ನಾಲ್ಕು ಹೇಗೆ ಕಾಣುತ್ತದೆಂದು ಕಣ್ಣಿಗೆ ತಿಳಿದಿತ್ತು.

ಮೂರು ನಾಲ್ಕು ವಸ್ತುಗಳವರೆಗೆ ಮನುಷ್ಯನ ಕಣ್ಣು ಎಣಿಸದೆಯೇ ಎಷ್ಟೆಂದು ಹೇಳಬಲ್ಲದು. ಅದಕ್ಕಿಂತ ಹೆಚ್ಚಾದರೆ ಎಣಿಸಬೇಕು ಅಥವಾ ಗುಂಪು ಮಾಡಿ ನೋಡಬೇಕು. ಮಕ್ಕಳ ಕಲಿಕೆಯನ್ನು ಅಭ್ಯಾಸ ಮಾಡಿದವರು ಇದನ್ನು ಸಂಖ್ಯಾಜ್ಞಾನದ ಮೊದಲ ಮೆಟ್ಟಿಲುಗಳಲ್ಲಿ ಒಂದೆಂದು ಹೇಳುತ್ತಾರೆ. ಮಣೆ ಮಾಡಿದ ಹಳಬರು ಗುಳಿಗೆ ನಾಲ್ಕೇ ಕಾಯಿ ಎಂದು ಯಾಕೆ ನಿಯಮ ಮಾಡಿದರೋ, ಮಗುವಿನ ಕಣ್ಣಿಗೆ ಅದು ಸರಿಯಾದ ಅಳತೆಯಾಗಿದೆ.

ಆಟ ಸುರುವಾಯಿತು. ಒಂದು ಗುಳಿಯ ನಾಲ್ಕೂ ಕಾಯಿ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈಯ ಕಾಯಿ ಮುಗಿದರೆ ಅದರ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಂಚಬೇಕು. ಮುಂದಿನ ಗುಳಿ ಬರಿದಾಗಿದ್ದರೆ, ಅದರ ಆಚೆಯ ಗುಳಿಯಲ್ಲಿ ಎಷ್ಟಿದೆಯೋ ಅಷ್ಟೂ ಆಡಿದವರಿಗೆ. ಇದು ಆ ಮನೆಯ ಕ್ರಮ. ಊರೂರಿಗೆ, ಮನೆಮನೆಗೆ ಕ್ರಮ ಬೇರೆಯಿದೆ.

ಮೇಜಿನ ಮುಂದೆ ಬಾರದ ವಿದ್ಯೆ ಮಣೆಯ ಮುಂದೆ ತಾನಾಗಿ ಬಂತು. ಒಂದು ಕಾಯಿಗೆ ಒಂದೇ ಗುಳಿ. ಬಾಯಿ ಓಡಿದರೂ ಕೈ ಓಡುವಂತಿಲ್ಲ. ಗುಳಿ ಬಿಟ್ಟು ಹಾಕಿದರೆ ಅಜ್ಜಿ ‘ಅಲ್ಲಿ ಒಬ್ಬ ಉಪವಾಸ ಬಿದ್ದ’ ಎನ್ನುವರು. ನಾಲ್ಕಿದ್ದ ಗುಳಿಗೆ ಒಂದು ಬಿದ್ದರೆ ಐದಾಗುತ್ತದೆ, ಇನ್ನೊಂದು ಬಿದ್ದರೆ ಆರು. ಐದರ ಮುಂದಿನದು ಆರು ಎಂಬುದು ಹಾಡಿನ ಸಾಲಾಗಿ ಉಳಿಯದೆ, ಕಣ್ಣೆದುರಿಗೆ ಬಿದ್ದ ಒಂದು ಕೆಂಪು ಕಾಯಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಎತ್ತುವ ಮೊದಲೇ ಲೆಕ್ಕ ಹಾಕತೊಡಗಿದ್ದಳು: ‘ಇದನ್ನು ಎತ್ತಿದರೆ ಅಲ್ಲಿಗೆ ಮುಟ್ಟುತ್ತದೆ. ಅದರ ಮುಂದೆ ಖಾಲಿ. ಅಜ್ಜಿ, ಅದು ನನಗೆ!’

ಸಂಜೆ ಅಮ್ಮ ಒದ್ದೆಯಾಗಿ ಬಂದಳು. ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಜಗಲಿಯಲ್ಲಿ ಮಣೆ. ಅವಳ ಮುಖ ನೋಡಿ ಪುಟ್ಟಿ ಮಣೆಯನ್ನು ಹಿಂದಕ್ಕೆ ಸರಿಸಿದಳು.

ಅಜ್ಜಿ ಸೊಸೆಗೆ ಏನೂ ಹೇಳಲಿಲ್ಲ. ಮೊಮ್ಮಗಳಿಗೆ ಕತೆ ಹೇಳುವಂತೆ ಹೇಳಿದರು: ‘ಅಕ್ಕ ತಂಗಿ ಈ ಮಣೆಯಲ್ಲಿ ಆಡಬಾರದು ಮಗಾ. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗ ಅಂತ ಇಬ್ಬರು ಇದ್ದರು. ಚೆನ್ನೆ ಆಡುವಾಗ ಜಗಳ ಬಂತು. ಅಕ್ಕನ ಕೈ ತಡೆಯಲಿಲ್ಲ, ಮಣೆಯಲ್ಲೇ ಹೊಡೆದಳು. ತಂಗಿ ಸತ್ತುಹೋದಳು. ಆಮೇಲೆ ಅಕ್ಕ ಎಷ್ಟು ಅತ್ತರೂ ಬಂತಾ? ಅವಳೂ ಬಾವಿಗೆ ಹಾರಿದಳು. ಮಣೆ ಇರುವುದು ಆಡುವುದಕ್ಕೆ, ಹೊಡೆಯುವುದಕ್ಕಲ್ಲ.’

ಅಮ್ಮ ಸೀರೆ ಬದಲಿಸಿ ಬಂದು ಜಗಲಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಆಟ ನೋಡಿದಳು. ಆಮೇಲೆ, ‘ಆ ಗುಳಿಯಲ್ಲಿ ಎಷ್ಟುಂಟು?’ ಎಂದು ಕೇಳಿದಳು. ‘ಆರು’ ಎಂದಳು ಪುಟ್ಟಿ, ತಲೆ ಎತ್ತದೆ. ಆರೇ ಇತ್ತು.

ಅಮ್ಮ ಬುದ್ಧಿವಂತೆ. ಕಾಯಿಯ ಆರು ಬಂದಿದೆ, ಕಾಗದದ ಆರು ಬಂದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಮಣೆಯ ಆಟ ಎಣಿಕೆ ಕಲಿಸುತ್ತದೆ, ಅಂಕೆ ಕಲಿಸುವುದಿಲ್ಲ. ಗುಳಿಗಳ ಮೇಲೆ ಅಂಕೆ ಬರೆದಿರುವುದಿಲ್ಲವಲ್ಲ. ಅಜ್ಜಿಯೇ ಅದಕ್ಕೆ ಸಾಕ್ಷಿ. ಎರಡರ ನಡುವೆ ಒಂದು ಸೇತುವೆ ಬೇಕಿತ್ತು.

ಆ ಸೇತುವೆ ಗೋಡೆಯ ಮೇಲೇ ನೇತಾಡುತ್ತಿತ್ತು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಪುಟದ ನಡುವೆ ದೊಡ್ಡ ಅಂಕೆ, ಭಾನುವಾರಕ್ಕೆ ಕೆಂಪು. ಹರಿದ ಹಾಳೆಗಳನ್ನು ಅಜ್ಜಿ ಎಲೆಅಡಿಕೆ ಕಟ್ಟಲೆಂದು ತೆಗೆದಿಡುತ್ತಿದ್ದರು. ಅಮ್ಮ ಅದರಿಂದ ಒಂದರಿಂದ ಒಂಬತ್ತರವರೆಗಿನ ಅಂಕೆಗಳನ್ನು ಕತ್ತರಿಸಿ ಹಳೆಯ ಮದುವೆ ಕಾಗದಗಳ ಮೇಲೆ ಅಂಟಿಸಿದಳು. ಹತ್ತರ ಹಾಳೆಯಿಂದ ಸೊನ್ನೆಯನ್ನೂ ತೆಗೆದಳು. ಆರು ಮತ್ತು ಒಂಬತ್ತರ ಅಡಿಗೆ ಪೆನ್ನಿನಿಂದ ಗೆರೆ ಎಳೆದಳು. ಹೊಸ ನಿಯಮವೊಂದು ಬಂತು: ಬರಿದಾದ ಗುಳಿಯ ಆಚೆಯ ಕಾಯಿ ಗೆದ್ದರೆ ಸಾಲದು, ಗೆದ್ದಷ್ಟು ಕಾಯಿಗೆ ಸರಿಯಾದ ಕಾಗದವನ್ನು ಎತ್ತಿ ತೋರಿಸಬೇಕು. ತೋರಿಸಲು ತಪ್ಪಿದರೆ ಅರ್ಧ ಕಾಯಿ ವಾಪಸು ಕೊಡಬೇಕು. ಬರಿದಾದ ಗುಳಿಗೆ ಸೊನ್ನೆಯ ಕಾಗದ. ಸೊನ್ನೆ ಕಂಡರೆ ಪುಟ್ಟಿಗೆ ಖುಷಿ. ಗೆಲವು ಇರುವುದೇ ಅದರ ಆಚೆ.

ಆರು–ಒಂಬತ್ತರ ಗುಟ್ಟು ಬಯಲಾದದ್ದೂ ಆ ದಿನಗಳಲ್ಲೇ. ಮೇಜಿನಲ್ಲಿ ಅಮ್ಮ ಒಂದು ಬದಿ, ಪುಟ್ಟಿ ಎದುರು ಬದಿ. ಅಮ್ಮ ತನ್ನ ಕಡೆಯಿಂದ ಬರೆದು ತೋರಿಸಿದ ಆರು ಎದುರಿಗೆ ಕೂತ ಮಗುವಿಗೆ ಒಂಬತ್ತಾಗಿಯೇ ಕಾಣುತ್ತಿತ್ತು. ಒಂದು ಲೋಟವನ್ನು ಯಾವ ಕಡೆ ತಿರುಗಿಸಿದರೂ ಲೋಟವೇ. ಚಮಚ ತಲೆಕೆಳಗಾದರೂ ಚಮಚವೇ. ತಿರುಗಿಸಿದ ಕೂಡಲೇ ಹೆಸರೇ ಬದಲಾಗುವ ವಸ್ತು ಮಗುವಿನ ಲೋಕದಲ್ಲಿ ಅಂಕೆ ಅಕ್ಷರ ಬಿಟ್ಟರೆ ಬೇರೆಯಿಲ್ಲ. ಪುಟ್ಟಿ ಹೇಳಿದ್ದು ತಪ್ಪಾಗಿರಲಿಲ್ಲ. ಅವಳಿಗೆ ಕಂಡದ್ದನ್ನೇ ಹೇಳಿದ್ದಳು. ಏಟು ತಿಂದದ್ದು ಅದಕ್ಕೆ. ಇದು ಹೊಳೆದ ರಾತ್ರಿ ಅಮ್ಮನಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಮರುದಿನದಿಂದ ಅವಳು ಮಗಳ ಪಕ್ಕದಲ್ಲಿ ಕೂರತೊಡಗಿದಳು.

ಆಟಿ ಮುಗಿದು ಮಣೆ ಅಟ್ಟ ಸೇರಿತು. ಪುಟ್ಟಿ ಅತ್ತಳು. ‘ಬರುವ ವರ್ಷ ಬರ್ತದೆ, ಎಲ್ಲಿಗೂ ಹೋಗುವುದಿಲ್ಲ’ ಎಂದರು ಅಜ್ಜಿ. ವರ್ಷವಿಡೀ ಸಿಗುವ ಆಟಿಕೆಗೆ ಮಕ್ಕಳು ಎರಡು ದಿನದಲ್ಲಿ ಬೇಸರಪಡುತ್ತಾರೆ. ಕಾದು ಪಡೆದ ಆಟದ ರುಚಿ ಬೇರೆ. ಹಿಂದಿನವರು ಋತುವಿಗೊಂದು ಆಟ ಇಟ್ಟದ್ದರ ಲಾಭ ಇದು.

ದಸರೆ ರಜೆಗೆ ತಾಯಿ ಮಗಳು ಮೈಸೂರಿಗೆ ಹೋದರು. ಅದು ಅಮ್ಮನ ತವರು. ಆಟಗಳ ಮಟ್ಟಿಗೆ ಮೈಸೂರಿಗೆ ದೊಡ್ಡ ಹೆಸರಿದೆ. 1799ರಿಂದ 1868ರವರೆಗೆ ರಾಜರೆನಿಸಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಎಷ್ಟೋ ಮಣೆಯಾಟಗಳನ್ನು ಕಲ್ಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ಮೈಸೂರಿನ ಅಜ್ಜಿಯ ಮನೆಯಲ್ಲಿ ಅಷ್ಟೊಂದಿಲ್ಲ. ಗೊಂಬೆ ಕೂರಿಸಿದ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಎಳೆದರೆ ಚೌಕಾಬಾರ ತಯಾರು. ನಾಲ್ಕು ಕವಡೆ. ಕಾಯಿಗಳಿಗೆ ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಹುರಿಗಡಲೆ. ಹುರಿಗಡಲೆಯವರು ಆಟದ ನಡುವೆ ತಮ್ಮ ಕಾಯನ್ನು ತಾವೇ ತಿಂದುಬಿಡುವ ಅಪಾಯವಿತ್ತು.

ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದಿವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಎಂಟು ಮನೆ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಎಸೆತ. ಹೊರಸುತ್ತಿನ ಹದಿನಾರು ಮನೆ ದಾಟಿ, ಎದುರಾಳಿಯ ಕಾಯಿ ಒಂದನ್ನಾದರೂ ಹೊಡೆದು, ಒಳಸುತ್ತಿನ ಎಂಟು ಮನೆಗಳನ್ನು ತಿರುವಿ ಬಂದು ನಡುಮನೆ ಸೇರಿದರೆ ಹಣ್ಣು.

ಪುಟ್ಟಿಗೆ ಎಲ್ಲ ಅರ್ಥವಾಯಿತು, ಬಾರ ಒಂದನ್ನು ಬಿಟ್ಟು. ‘ಒಂದೂ ಮೇಲೆ ಬಿದ್ದಿಲ್ಲ. ಸೊನ್ನೆ ಅಲ್ವಾ? ಎಂಟು ಹೇಗೆ?’

‘ಆಟದಲ್ಲಿ ಹಾಗೇ ಕಣೇ. ಎಲ್ಲರೂ ಸೇರಿ ಎಂಟು ಅಂತ ಒಪ್ಕೊಂಡಿದೀವಿ’ ಎಂದರು ಮೈಸೂರಿನ ಅಜ್ಜಿ, ಕವಡೆ ಕುಲುಕುತ್ತ.

‘ಸುಮ್ಮನೆ ಒಪ್ಪಿಕೊಳ್ಳುವುದಾ?’

‘ಹೂಂ. ಸುಮ್ಮನೆ ಒಪ್ಕೊಳೋದು.’

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ 8 ಎಂದು ಬರೆದು, ‘ಇದರಲ್ಲೂ ಎಂಟು ಎಂತ ಇಲ್ಲ. ಎರಡು ಸುತ್ತು ಮಾತ್ರ ಇರುವುದು. ಇದನ್ನೂ ಒಪ್ಪಿಕೊಂಡದ್ದಾ?’ ಎಂದು ಕೇಳಿದಳು.

ಬ್ಯಾಂಕಿನ ಕೌಂಟರಿನಲ್ಲಿ ಹತ್ತು ವರ್ಷ ಕೂತ ಅಮ್ಮನಿಗೆ ಇದು ಎಂದೂ ಹೊಳೆದಿರಲಿಲ್ಲ. ಕಾಯಿಯ ಎಂಟು ಕಣ್ಣಿಗೆ ಕಾಣುವಂಥದ್ದು, ಬರೆದ ಎಂಟು ಒಪ್ಪಿಕೊಳ್ಳಬೇಕಾದದ್ದು. ಮೂರು ಗೆರೆಯಿಲ್ಲದ ಮೂರನ್ನು, ಏಳು ಚುಕ್ಕಿಯಿಲ್ಲದ ಏಳನ್ನು ಮಗು ಒಪ್ಪಿಕೊಳ್ಳಬೇಕೆಂದು ದೊಡ್ಡವರು ಕೇಳುತ್ತಾರೆ. ಆದರೆ ಅದೊಂದು ಒಪ್ಪಂದವೆಂದು ಮಗುವಿಗೆ ಹೇಳುವುದಿಲ್ಲ. ‘ಹೌದು, ಅದೂ ಒಪ್ಪಿಕೊಂಡದ್ದೇ’ ಎಂದಳು ಅಮ್ಮ. ‘ಹಾಗಾದರೆ ಸರಿ’ ಎಂದು ಪುಟ್ಟಿ ಬಾರದ ಎಂಟು ಮನೆ ನಡೆಸಿ ಅಮ್ಮನ ಕಾಯಿಯನ್ನು ಹೊಡೆದಳು.

ಇಂಥ ಆಟಗಳಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಪರೀಕ್ಷಿಸಿ ನೋಡಿದವರಿದ್ದಾರೆ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳೊಂದಿಗೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದೇ ಸಾಲಿನಲ್ಲಿ 1ರಿಂದ 10ರವರೆಗೆ ಅಂಕೆ ಬರೆದ ಹಲಗೆ. ಒಂದು ಇಲ್ಲವೆ ಎರಡು ಬೀಳುವ ಚಕ್ರ. ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಕಾಲುಗಂಟೆಯಷ್ಟು ಆಟ. ಇನ್ನೊಂದು ಗುಂಪಿಗೆ ಅಂಕೆಯ ಬದಲು ಬಣ್ಣಗಳಿದ್ದ ಅಂಥದೇ ಹಲಗೆ. ಅಂಕೆಯ ಹಲಗೆಯಲ್ಲಿ ಆಡಿದ ಮಕ್ಕಳು ಅಂಕೆ ಗುರುತಿಸುವುದರಲ್ಲಿ, ಎಣಿಸುವುದರಲ್ಲಿ, ಯಾವುದು ದೊಡ್ಡದು ಎಂದು ಹೇಳುವುದರಲ್ಲಿ ಮುಂದೆ ಬಂದರು; ಒಂಬತ್ತು ವಾರ ಕಳೆದ ಮೇಲೂ ಆ ಗಳಿಕೆ ಉಳಿದಿತ್ತು. ಬಣ್ಣದ ಹಲಗೆಯವರಿಗೆ ಆ ಲಾಭ ಸಿಗಲಿಲ್ಲ. ಹಾಗೆಂದರೆ ಆಟ ಮಾತ್ರ ಸಾಲದು, ಆಟದ ದಾರಿಯಲ್ಲಿ ಅಂಕೆ ಕಾಣುವಂತಿರಬೇಕು. ನಡೆಸುವ ಕ್ರಮವೂ ಮುಖ್ಯವೆಂದು ಅದೇ ಸಾಲಿನ ನಂತರದ ಅಧ್ಯಯನ ಹೇಳಿತು. ಐದನೆಯ ಮನೆಯಿಂದ ಎರಡು ಹೆಜ್ಜೆ ಇಡುವ ಮಗು ‘ಒಂದು, ಎರಡು’ ಎನ್ನದೆ, ಮನೆಯ ಮೇಲಿನ ಅಂಕೆಯನ್ನೇ ಓದುತ್ತ ‘ಆರು, ಏಳು’ ಎನ್ನಬೇಕು.

ಕರ್ನಾಟಕದ ಶಾಲೆಗಳಿಗೂ ಈ ದಾರಿ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿಯಲ್ಲಿ ಹಾಡು, ಆಟ, ಕಾರ್ಡುಗಳ ಮೂಲಕವೇ ಚಿಕ್ಕ ತರಗತಿಗಳ ಪಾಠ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಅಲ್ಲಿನ ಕಲಿಕೆಯ ಕ್ರಮಕ್ಕೆ ಏಣಿಯೆಂದೇ ಹೆಸರು.

ಡಿಸೆಂಬರಿನ ಕೊನೆಗೆ ವೈಕುಂಠ ಏಕಾದಶಿ ಬಂತು. ಅಂದು ರಾತ್ರಿ ಜಾಗರಣೆಗೆಂದು ಪರಮಪದ ಸೋಪಾನದ ಪಟ ಹಾಸಿ ಆಡುವುದು ಅಮ್ಮನ ತವರಿನ ರೂಢಿ. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು, ತುದಿಯಲ್ಲಿ ವೈಕುಂಠ. ಅಂಗಡಿಯಲ್ಲಿ ಸಿಗುವ ಹಾವು ಏಣಿ ಆಟದ ಮೂಲ ಇದೇ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿ, ಬೇರೆ ವೇಷದಲ್ಲಿ ಮರಳಿ ಬಂದದ್ದು.

ಆ ವರ್ಷ ಪಟವನ್ನು ಮನೆಯಲ್ಲೇ ಬರೆದರು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಐವತ್ತು ಮನೆ. ಅಂಗಡಿಯ ಪಟದಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ ಹೋದರೆ ಮುಂದಿನದು ಬಲದಿಂದ ಎಡಕ್ಕೆ ಬರುತ್ತದೆ. ಹೊಸದಾಗಿ ಅಂಕೆ ಕಲಿತ ಮಗುವಿಗೆ ಅದು ಗೊಂದಲ. ಅದಕ್ಕೇ ಅಮ್ಮ ಎಲ್ಲ ಸಾಲುಗಳನ್ನೂ ಎಡದಿಂದಲೇ ಆರಂಭಿಸಿದಳು. ಮನೆಯೊಳಗಿನ ಅಂಕೆಗಳನ್ನು ಪುಟ್ಟಿ ಬರೆದಳು. ನಾಲ್ಕೈದು ಕಡೆ ವಾಲಿದವು, ಒಂದೇ ಒಂದು ಮೂರು ತಿರುಗಿ ನಿಂತಿತು. ಅದನ್ನು ಯಾರೂ ತಿದ್ದಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ನೋಡಿ ತಿದ್ದಿದಳು.

ಪಾಪಪುಣ್ಯಗಳನ್ನು ಆರಿಸುವ ಕೆಲಸವೂ ಅವಳದೇ. ಅಜ್ಜಿಗೆ ಕುಡಿಯಲು ನೀರು ತಂದುಕೊಟ್ಟದ್ದಕ್ಕೆ 5ರಿಂದ 14ಕ್ಕೆ ಏಣಿ. ಬೆಕ್ಕಿಗೆ ಹಾಲು ಹಾಕಿದ್ದಕ್ಕೆ 22ರಿಂದ 36ಕ್ಕೆ ಏಣಿ. ಆಚೆಮನೆಯ ಹುಡುಗನನ್ನು ಚಿವುಟಿದ್ದಕ್ಕೆ 19ರಿಂದ 8ಕ್ಕೆ ಹಾವು. ಆಮೇಲೆ ಪೆನ್ಸಿಲು ಕಚ್ಚುತ್ತ ಕೂತು, ‘47ರಲ್ಲಿ ಒಂದು ದೊಡ್ಡ ಹಾವು ಬೇಕು’ ಎಂದಳು.

‘ಅದು ಯಾವ ಪಾಪ?’ ಎಂದು ಅಮ್ಮ ಕೇಳಿದಳು.

ಪುಟ್ಟಿ ಉತ್ತರಿಸಲಿಲ್ಲ. ಅಜ್ಜಿಯ ಕಡೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, ‘ಲೆಕ್ಕ ಬಾರದಿದ್ದಕ್ಕೆ ಅಮ್ಮ ಹೊಡೆದದ್ದು’ ಎಂದಳು.

ಯಾರೂ ಮಾತಾಡಲಿಲ್ಲ. ಅಮ್ಮ ಹಸಿರು ಸ್ಕೆಚ್ ಪೆನ್ನು ತೆಗೆದುಕೊಂಡು 47ರಿಂದ 2ರವರೆಗೆ ಒಂದು ಹಾವು ಬರೆದಳು. ಪಟದಲ್ಲಿ ಅದಕ್ಕಿಂತ ಉದ್ದದ ಹಾವಿರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ, ಗೆಲ್ಲಲು ಇನ್ನೇನು ಕೆಲವೇ ಮನೆಗಳಿರುವಾಗ ಅವಳ ಕಾಯಿ ಸರಿಯಾಗಿ 47ಕ್ಕೆ ಬಂದು ನಿಂತಿತು. ಪುಟ್ಟಿ ಗಾಬರಿಯಿಂದ ‘ಇನ್ನೊಮ್ಮೆ ಹಾಕಮ್ಮ, ಪರವಾಗಿಲ್ಲ’ ಎಂದಳು. ‘ಇಲ್ಲ, ಆಟ ಅಂದರೆ ಆಟ’ ಎಂದು ಅಮ್ಮ ಕಾಯಿಯನ್ನು ಹಾವಿನ ಬಾಲದವರೆಗೂ ಮೆಲ್ಲನೆ ಇಳಿಸಿದಳು. ‘ಎಲ್ಲಿಗೆ ಬಂದೆ ಹೇಳು?’ ‘ಎರಡಕ್ಕೆ’ ಎಂದು ಓದಿದಳು ಪುಟ್ಟಿ. ‘ಮತ್ತೆ ಸುರುಮಾಡುವ’ ಎಂದಳು ಅಮ್ಮ.

ಮಾರ್ಚಿನಲ್ಲಿ ಡೈರಿಗೆ ಬಂದ ಕೊನೆಯ ಸಾಲು ನೀಲಿ ಶಾಯಿಯದು: ‘ಪರವಾಗಿಲ್ಲ. ಇನ್ನೂ ಸುಧಾರಿಸಬಹುದು.’ ಪುಟ್ಟಿ ತರಗತಿಗೆ ಮೊದಲನೆಯವಳೇನೂ ಆಗಲಿಲ್ಲ. ಆದರೆ ಹೊಟ್ಟೆನೋವು ನಿಂತಿತ್ತು. ತರಗತಿಯಲ್ಲಿ ಒಮ್ಮೆ ಬೆಂಚುಗಳನ್ನು ಎಣಿಸಲು ಹೇಳಿದಾಗ ‘ಲಾಭ, ಎರಡು, ಮೂರು’ ಎಂದು ಸುರುಮಾಡಿ ಟೀಚರನ್ನು ನಗಿಸಿದ್ದೂ ಉಂಟು.

ಆಟದಿಂದ ಎಲ್ಲವೂ ಬರುತ್ತದೆಂದಲ್ಲ. ಬರೆದು ಕೈ ಪಳಗಬೇಕು, ಮಗ್ಗಿ ಬಾಯಿಗೆ ಬರಬೇಕು. ಕೆಲವು ಮಕ್ಕಳಿಗೆ ಕಣ್ಣಿನ ತೊಂದರೆಯೋ ಲೆಕ್ಕದ ಕಲಿಕೆಗೆ ಸಂಬಂಧಿಸಿದ ತೊಂದರೆಯೋ ನಿಜವಾಗಿ ಇರಬಹುದು. ಬಹುಕಾಲ ಕಳೆದರೂ ಸುಧಾರಿಸದಿದ್ದರೆ ತಜ್ಞರಿಗೆ ತೋರಿಸುವುದೇ ಸರಿ. ಆದರೆ ಐದಾರು ವರ್ಷದ ಮಗು ಅಂಕೆ ತಪ್ಪಿತೆಂದು ಕೈ ಎತ್ತುವ ಮೊದಲು, ಮಗು ಕೂತ ಕಡೆ ಹೋಗಿ ಕೂತು, ಅಲ್ಲಿಂದ ಅದು ಹೇಗೆ ಕಾಣುತ್ತದೆಂದು ಒಮ್ಮೆ ನೋಡಬಹುದು. ಅದಕ್ಕೆ ಖರ್ಚಿಲ್ಲ.

ಮತ್ತೆ ಆಟಿ ಬಂತು. ಮಣೆ ಇಳಿಯಿತು, ಮಂಜೊಟ್ಟಿಯ ಚೀಲ ಬಿಚ್ಚಿತು. ಎರಡನೇ ತರಗತಿಯ ಪುಟ್ಟಿಗೆ ಅಂಕೆಯ ಕಾಗದಗಳು ಈಗ ಬೇಕಿರಲಿಲ್ಲ. ಆದರೂ ಅವಳು ಅವನ್ನು ಹುಡುಕಿ ತಂದು ಅಜ್ಜಿಯ ಮುಂದೆ ಸಾಲಾಗಿ ಇಟ್ಟಳು. ‘ಈ ಸಲ ನೀನು ತೋರಿಸಬೇಕು ಅಜ್ಜಿ. ತಪ್ಪಿದರೆ ಅರ್ಧ ಕಾಯಿ ವಾಪಸು.’

‘ಈ ವಯಸ್ಸಿನಲ್ಲಿ ನನಗೆಂತಕ್ಕೆ ಮಗಾ?’ ಎಂದರು ಅಜ್ಜಿ. ಆದರೂ ಕೂತರು. ಮೊದಲ ದಿನ ಅರ್ಧಕ್ಕರ್ಧ ಕಾಯಿ ಕಳೆದುಕೊಂಡರು. ಎಂಟನ್ನು ಮೂರೆಂದರು, ನಾಲ್ಕನ್ನು ಏಳೆಂದರು. ಪುಟ್ಟಿ ಒಂದು ಸಲವೂ ಗದರಲಿಲ್ಲ. ಅಜ್ಜಿಯ ಪಕ್ಕಕ್ಕೆ ಬಂದು ಕೂತು, ಗುಳಿಯ ಕಾಯಿ ತೋರಿಸಿ, ‘ಹೀಗೆ ಕಾಣಬೇಕು’ ಎನ್ನುತ್ತಿದ್ದಳು.

ಆಟಿ ಮುಗಿಯಲು ಎರಡು ದಿನವಿರುವಾಗ, ಮಧ್ಯಾಹ್ನದ ಮಳೆಯಲ್ಲಿ, ಅಜ್ಜಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಪುಟ್ಟಿ ದೊಡ್ಡದಾಗಿ ಬರೆದುಕೊಟ್ಟ ಹತ್ತು ಅಂಕೆಗಳ ಚೀಟಿ ಮಣೆಯ ಮೇಲಿತ್ತು. ಒಂದೊಂದೇ ಅಂಕೆ ನೋಡಿ, ಒಂದೊಂದೇ ಗುಂಡಿ ಒತ್ತಿ, ಒತ್ತಿದ ಪ್ರತಿಯೊಂದಕ್ಕೂ ಒಂದು ಮಂಜೊಟ್ಟಿ ಕಾಯಿಯನ್ನು ಗುಳಿಗೆ ಹಾಕುತ್ತ ಹೋದರು. ಹತ್ತು ಗುಳಿ ತುಂಬಿದ ಮೇಲೆ ಹಸಿರು ಗುಂಡಿ.

ಕಾಸರಗೋಡಿನಲ್ಲಿ ಫೋನು ಎತ್ತಿದ ಮಗಳು, ‘ಅಮ್ಮಾ, ನಂಬರು ಯಾರು ಒತ್ತಿಕೊಟ್ಟದ್ದು?’ ಎಂದು ಕೇಳಿದಳು.